ಹದಿನೇಳು ಇಂಚಿನ ಗಾಲಿಯ ಮೇಲೆ ಮದುಮಗ

ನಮ್ಮವರಿಗೆ ಗದಗಿನಲ್ಲಿ ಒಂದು ಆಫ್‌ಸೆಟ್ ಪ್ರೆಸ್ಸಿದೆ. ಲಗ್ನಪತ್ರಿಕೆ, ಕ್ಯಾಲೆಂಡರು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಅಲ್ಲಿ ಕರಡು ತಿದ್ದುವ ಕೆಲಸ ನನ್ನದು. ಊರಿನವರ ತಪ್ಪುಗಳನ್ನೆಲ್ಲ ಅಚ್ಚಿಗೆ ಹೋಗುವ ಮೊದಲೇ ಹಿಡಿದು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತೇನೆ. ನಮ್ಮವರ ತಪ್ಪುಗಳು ಮಾತ್ರ ಅಚ್ಚಾಗಿ, ಒಣಗಿ, ಕಟ್ಟು ಕಟ್ಟಿ ಊರೆಲ್ಲ ಹಂಚಿಯಾದ ಮೇಲೆಯೇ ನನ್ನ ಕಣ್ಣಿಗೆ ಬೀಳುತ್ತವೆ.

ಐವತ್ತು ದಾಟಿದ ಮೇಲೆ ನಮ್ಮ ಓಣಿಯ ಗಂಡಸರಲ್ಲಿ ಕೆಲವರು ಬೆಳಿಗ್ಗೆ ಎದ್ದು ಕೆರೆಯ ಸುತ್ತ ನಡೆಯಲು ಹೋಗುತ್ತಾರೆ, ಕೆಲವರಿಗೆ ಇದ್ದಕ್ಕಿದ್ದಂತೆ ಮಠದ ನೆನಪಾಗುತ್ತದೆ. ನಮ್ಮವರು ಕೊಲ್ಹಾಪುರಕ್ಕೆ ಹೋಗಿ ಒಂದು ಕಾರು ತಂದರು. ಕೆಂಪು ಬಣ್ಣದ, ಎರಡೇ ಬಾಗಿಲಿನ, ಎರಡೇ ಸೀಟಿನ, ಮೇಲಿನ ಬಟ್ಟೆಯ ಹೊದಿಕೆಯನ್ನು ಮಡಚಿ ಹಿಂದಕ್ಕೆ ಸರಿಸುವಂಥ ಹಳೆಯ ಪರದೇಶದ ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ನನಗಿಂತ ಹಿರಿದು. ಅದರ ಮಾಲೀಕರು ತೀರಿಕೊಂಡಿದ್ದರು, ಮಕ್ಕಳಿಗೆ ಅದನ್ನು ನಿಲ್ಲಿಸಲು ಜಾಗ ಇರಲಿಲ್ಲವಂತೆ. ಜಾಗ ನಮಗೂ ಇರಲಿಲ್ಲ. ಪ್ರೆಸ್ಸಿನ ಮುಂದೆ ಕಾಗದದ ರೀಮು ಇಳಿಸಲು ಹಾಕಿದ್ದ ತಗಡಿನ ಚಪ್ಪರ ಕಾರಿನ ಪಾಲಾಯಿತು, ಕಾಗದ ನಮ್ಮ ಪಡಸಾಲೆಗೆ ಬಂತು.

ಲಾರಿಯಿಂದ ಕಾರು ಇಳಿಸಿದ ದಿನ ನಮ್ಮ ಅತ್ತೆ ಆರತಿ ತಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಹೊದಿಕೆ ಮಡಚಿಟ್ಟ ಆ ಗಾಡಿಯನ್ನು ನಾಲ್ಕೂ ಕಡೆಯಿಂದ ನೋಡಿ ಮಗನಿಗೆ ಶಾಂತವಾಗಿ ಕೇಳಿದರು.

“ಮ್ಯಾಲಿನ ಅರ್ಧಾ ಯಾವಾಗ ಬರತೈತಪಾ?”

ಅದು ಇಷ್ಟೇ, ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂದು ನಮ್ಮವರು ವಿವರಿಸಿದರು. ಅತ್ತೆ ಆರತಿ ಎತ್ತಿದರು, ಆದರೆ ಅರ್ಧ ಗಾಡಿಗೆ ಪೂರ್ತಿ ತೆಂಗಿನಕಾಯಿ ಒಡೆಯಲು ಅವರ ಮನಸ್ಸು ಒಪ್ಪದೆ ಒಂದು ಲಿಂಬೆಹಣ್ಣಿಗೇ ಮುಗಿಸಿದರು.

ಕಾರು ಚೆನ್ನಾಗಿಯೇ ಓಡುತ್ತಿತ್ತು. ಕಷ್ಟವೆಂದರೆ ಅದು ನೆಲಕ್ಕೆ ತೀರ ಹತ್ತಿರ. ಗದಗಿನಿಂದ ಬೆಟಗೇರಿಗೆ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡ ಎಷ್ಟು ಹಂಪುಗಳಿವೆ ಎಂದು ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ. ಪ್ರತಿ ಹಂಪಿನ ಮೇಲೂ ಅದರ ಹೊಟ್ಟೆ ಕರ್ರೆಂದು ಉಜ್ಜುತ್ತಿತ್ತು. ನಮ್ಮವರು ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಗಾಡಿ ನಡೆಸುವವರು ಕಣ್ಣು ಮುಚ್ಚಬಾರದು ಎಂದು ನಾನು ಪಕ್ಕದಿಂದ ನೆನಪಿಸುತ್ತಿದ್ದೆ. ಆದರೂ ಆ ಕೆಲವು ತಿಂಗಳು ಅವರು ಸುಖವಾಗಿದ್ದರು ಎನ್ನಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಬಸ್ಸಿನಲ್ಲಿದ್ದವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಬಸ್ಸಿನಿಂದ ನಮ್ಮವರ ಬೋಳು ನೆತ್ತಿಯೇ ಎಲ್ಲರಿಗೂ ಮೊದಲು ಕಾಣುತ್ತದೆ ಎಂಬುದನ್ನು ನಾನು ಹೇಳಲಿಲ್ಲ.

ಆ ಸುಖ ಕೆಡಿಸಿದವರು ಲಕ್ಷ್ಮೇಶ್ವರದಲ್ಲಿರುವ ಅವರ ದೊಡ್ಡಪ್ಪನ ಮಗ. ನನಗೆ ಭಾವ ಆಗಬೇಕು. ಶೇಂಗಾ, ಹತ್ತಿ ಎರಡರ ವ್ಯಾಪಾರ. ಅವರ ಗಾಡಿ ಎಷ್ಟು ಎತ್ತರವೆಂದರೆ ನಮ್ಮ ನೆಗೆಣ್ಣಿ ಹತ್ತಬೇಕಾದರೆ ಅದನ್ನು ಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸಬೇಕು. ಮಗನ ಲಗ್ನ ಗೊತ್ತಾಗಿತ್ತು, ಹೆಣ್ಣು ಮುಂಡರಗಿಯದು. ಪತ್ರಿಕೆ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದು ಕುಳಿತು, ತಮ್ಮ ಹೆಸರಿನ ಅಕ್ಷರ ಇನ್ನಷ್ಟು ದೊಡ್ಡದು ಮಾಡಿಸಿ, ಮತ್ತಷ್ಟು ಮಾಡಿಸಿ, ಕೊನೆಗೆ ಮದುಮಗನ ಹೆಸರನ್ನು ಮೂಲೆಗೆ ಸರಿಸಿದರು. ಪತ್ರಿಕೆ ನೋಡಿದವರು ಭಾವನವರಿಗೇ ಲಗ್ನ ಎಂದು ತಿಳಿಯಬಹುದು ಅಂತ ನಾನು ಕರಡಿನ ಅಂಚಿನಲ್ಲಿ ಬರೆದೆ. ಅವರು ಅದನ್ನು ಓದಲಿಲ್ಲ. ಎದ್ದು ಹೊರಗೆ ಹೋಗಿ ಕಾರು ನೋಡುತ್ತ ನಿಂತರು.

“ಗಾಡಿ ಛಲೋ ಐತಿ ತಮ್ಮಾ,” ಎಂದರು. “ಆದ್ರ ಗಾಲಿ ಭಾಳ ಸಣ್ಣವಾದ್ವು. ಸೂಟು ಹಾಕ್ಕೊಂಡು ಕಾಲಾಗ ಹವಾಯಿ ಚಪ್ಪಲಿ ಮೆಟ್ಟಿದಂಗ ಕಾಣತೈತಿ.”

ಮಗನ ಮೆರವಣಿಗೆಗೆ ಇದೇ ಕಾರು ಬೇಕು, ಅಷ್ಟರೊಳಗೆ ಗಾಲಿಯ ಕಡೆ ಸ್ವಲ್ಪ ನೋಡು ಎಂದು ಹೇಳಿ ತಮ್ಮ ಎತ್ತರದ ಗಾಡಿ ಹತ್ತಿ ಹೋದರು.

ಅವತ್ತು ಸಂಜೆ ನಮ್ಮವರು ಕಾರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಕೊಂಡು ಒಂದೊಂದೇ ಗಾಲಿಯನ್ನು ನೋಡುತ್ತಿದ್ದರು. ಆ ಗಾಲಿಗಳು ಹದಿಮೂರು ಇಂಚಿನವು. ಕಾರು ಮಾಡಿದವರು ಯೋಚನೆ ಮಾಡಿಯೇ ಹಾಕಿರಬೇಕು, ಇಷ್ಟು ವರ್ಷ ಅದು ಅವುಗಳ ಮೇಲೆಯೇ ಓಡಿದೆಯಲ್ಲ ಎಂದೆ. ಕಾರು ಮಾಡಿದವರು ನಮ್ಮ ಬಳಗದವರಲ್ಲವಲ್ಲ, ಅವರ ಮಾತಿಗೇನು ಬೆಲೆ.

ನಮ್ಮವರ ಗೆಳೆಯನೊಬ್ಬನಿದ್ದಾನೆ, ಬೆಟಗೇರಿಯಲ್ಲಿ ಸೀರೆ ಅಂಗಡಿ. ದಿನವೂ ಸಂಜೆ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಪ್ರೆಸ್ಸಿಗೆ ಬಂದು ಕುಳಿತುಕೊಳ್ಳುತ್ತಾನೆ. ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ, ಏಕೆಂದರೆ ಅವನ ಮೊಬೈಲಿನಲ್ಲಿ ಎಲ್ಲದಕ್ಕೂ ವಿಡಿಯೋ ಇದೆ. ಬೆನ್ನುನೋವಿಗೆ ಆಸನ, ಅಡಿಪಾಯಕ್ಕೆ ವಾಸ್ತು, ಹಾವು ಕಚ್ಚಿದರೆ ಏನು ಮಾಡಬೇಕು ಎಲ್ಲವನ್ನೂ ಅವನು ಹೇಳಬಲ್ಲ. ಕಾರಿನ ಗಾಲಿಯ ವಿಷಯ ಬಂದಕೂಡಲೇ ಒಂದು ವಿಡಿಯೋ ತೆಗೆದ. ಮರುಭೂಮಿಯಲ್ಲೆಲ್ಲೋ ಒಬ್ಬ ಕಟ್ಟುಮಸ್ತಾದ ಮನುಷ್ಯ ಇಂಥದೇ ಹಳೆಯ ಕಾರಿಗೆ ದೊಡ್ಡ ಗಾಲಿ ಹಾಕಿ ಧೂಳೆಬ್ಬಿಸಿ ಓಡಿಸುತ್ತಿದ್ದ. ಹದಿನೇಳು ಇಂಚು, ಅಲಾಯ್, ಕಪ್ಪು ಬಣ್ಣ, ಅಗಲವಾದ ಟೈರು ಎಂದು ಅಲ್ಲಿಯೇ ನಿಶ್ಚಯವಾಯಿತು.

ಒಂದು ಮಾತನ್ನು ಮಾತ್ರ ಅವನು ಸರಿಯಾಗಿ ಹೇಳಿದ, ಅದನ್ನು ನಾನು ಒಪ್ಪಬೇಕು. ಗಾಲಿಗೆ ಆಫ್‌ಸೆಟ್ ಅಂತ ಒಂದು ಅಳತೆ ಇರುತ್ತದೆ, ಗಾಲಿ ಮಡ್‌ಗಾರ್ಡಿನ ಒಳಗೆ ಎಷ್ಟು ಕೂರುತ್ತದೆ, ಹೊರಗೆ ಎಷ್ಟು ಚಾಚುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ, ಅದನ್ನು ಮೊದಲು ಕೇಳಬೇಕು ಎಂದ. ನಮ್ಮವರು ನಕ್ಕುಬಿಟ್ಟರು.

“ನನಗ ಆಫ್‌ಸೆಟ್ ಕಲಸಾಕ ಬಂದೀಯೇನಲೇ? ನಾ ಹೊಟ್ಟಿ ತುಂಬಿಸ್ಕೊಂಡಿದ್ದ ಆಫ್‌ಸೆಟ್ಟಿನಿಂದ.”

ಗೆಳೆಯನೂ ನಕ್ಕ. ಇಬ್ಬರೂ ಚಹಾ ಕುಡಿದರು. ಆ ಅಳತೆಯ ಮಾತು ಅಲ್ಲಿಗೇ ಮುಗಿಯಿತು. ಹೆಸರು ಒಂದೇ ಆದ ಎರಡು ಬೇರೆ ಸಂಗತಿಗಳಿರಬಹುದು ಎಂದು ಅಕ್ಷರಗಳ ನಡುವೆಯೇ ಬದುಕುವ ಮನುಷ್ಯನಿಗೆ ಹೊಳೆಯಲಿಲ್ಲ.

ಟೈರ್ ಅಂಗಡಿ ಊರ ಹೊರಗಿತ್ತು. ಅದರ ಮಾಲೀಕ ಯಾರಿಗೂ ಇಲ್ಲ ಎನ್ನದ ಮನುಷ್ಯ. ಈ ಗಾಲಿ ಕೂಡುತ್ತದೆಯೇ ಎಂದರೆ, ಕೂಡಿಸೋಣ್ರಿ ಎಂದ. ಕಾರಿನಲ್ಲಿ ನಾಲ್ಕು ಬೋಲ್ಟು, ಗಾಲಿಯಲ್ಲಿ ಐದು ತೂತು ಇದ್ದವು. ಅದನ್ನೂ ಕೂಡಿಸೋಣ್ರಿ ಎಂದ. ಲೇತಿನಲ್ಲಿ ದಪ್ಪನೆಯ ಉಕ್ಕಿನ ಬಿಲ್ಲೆ ಕಡೆಸಿ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು ಮಾಡಿಸಿ, ಕಾರಿಗೂ ಗಾಲಿಗೂ ನಡುವೆ ಇಟ್ಟ. ಬಿಲ್ಲೆಯ ದಪ್ಪದಷ್ಟು ಗಾಲಿ ಹೊರಗೆ ಬಂತು. ಮಡ್‌ಗಾರ್ಡಿನ ಅಂಚು ಟೈರಿಗೆ ತಾಗುತ್ತಿದೆ ಎಂದು ನಾನು ತೋರಿಸಿದಾಗ, ಅದನ್ನ ಮಡಚೋಣ್ರಿ ಅಕ್ಕಾರ ಎಂದು ಒಳಗಿನಿಂದ ಕ್ರಿಕೆಟ್ ಬ್ಯಾಟು ತಂದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬ್ಯಾಟು ತುರುಕಿ, ಗಾಡಿಯನ್ನು ಹಿಂದೆ ಮುಂದೆ ನೂಕಿಸಿ, ತಗಡಿನ ಅಂಚನ್ನು ಒಳಕ್ಕೆ ಬಾಗಿಸಿದ. ಬಲಗಡೆಗೆ ಅದು ಮಾತು ಕೇಳಿತು. ಎಡಗಡೆಯ ಮುಂದಿನ ಮಡ್‌ಗಾರ್ಡು ಯಾವ ಕಾಲದಲ್ಲೋ ಪೆಟ್ಟು ತಿಂದು, ತಗ್ಗು ಮುಚ್ಚಲು ಪುಟ್ಟಿ ಮೆತ್ತಿಸಿಕೊಂಡಿತ್ತು. ಬ್ಯಾಟು ಒತ್ತಿದ ಕೂಡಲೇ ಅಂಗೈ ಅಗಲದ ಪುಟ್ಟಿಯ ಚೂರು ಕೆಂಪು ಬಣ್ಣದ ಸಮೇತ ಉದುರಿತು. ನಮ್ಮವರ ಮುಖ ನೋಡಿ ಅವನು ಬ್ಯಾಟನ್ನು ಒಳಗಿಟ್ಟ. ಎಡಗಡೆಯದು ಹಾಗೇ ಉಳಿಯಿತು.

ನಾಲ್ಕೂ ಗಾಲಿ ಹಾಕಿ ಜಾಕು ಇಳಿಸಿದಾಗ ಕಾರು ನಾಲ್ಕು ಬೆರಳು ಎದ್ದು ನಿಂತಿತ್ತು. ಕಾಲು ಉದ್ದವಾಗಿ ಬೆಳೆದು ಅಂಗಿ ಗಿಡ್ಡವಾದ ಹುಡುಗನ ಹಾಗೆ ಕಾಣುತ್ತಿದೆ ಎಂದು ನನಗೆ ಅನಿಸಿತು. ಗೆಳೆಯ ದೂರ ನಿಂತು ಕಣ್ಣು ಕಿರಿದು ಮಾಡಿ, ಈಗ ನೋಡ್ರಿ ಗಾಡಿಗೆ ಗಂಡಸ್ತನ ಬಂತು ಎಂದ. ಸೀರೆ ಮಾರುವವನ ಬಾಯಲ್ಲಿ ಗಂಡಸ್ತನದ ಮಾತು ಬಹಳ ಬರುತ್ತದೆ. ನಮ್ಮವರು ಕರವಸ್ತ್ರದಿಂದ ಗಾಲಿಯ ಮೇಲಿನ ಕೈಗುರುತು ಒರೆಸಿದರು.

ಹಂಪುಗಳ ತೊಂದರೆ ತಪ್ಪಿದ್ದು ನಿಜ. ಆದರೆ ಅದರ ಬದಲು ಬೇರೆಯವು ಬಂದವು. ಸ್ಟಿಯರಿಂಗ್ ತಿರುಗಿಸುವುದು ರುಬ್ಬುವ ಒಳ್ಳು ತಿರುವಿದಂತಾಯಿತು. ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತಿತ್ತು. ಗಾಲಿ ದೊಡ್ಡದಾದ್ದರಿಂದ ಮೀಟರು ಇದ್ದುದಕ್ಕಿಂತ ಕಡಿಮೆ ವೇಗ ತೋರಿಸುತ್ತಿತ್ತು. ಅದನ್ನು ತಿಳಿಯದೆ ನಮ್ಮವರು ತಾವು ಬಹಳ ಸಾವಧಾನದ ಚಾಲಕರಾಗಿದ್ದೇವೆ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಲಗ್ನಕ್ಕೆ ಮೊದಲು ಒಂದು ರವಿವಾರ ನನ್ನನ್ನು ಕೂರಿಸಿಕೊಂಡು ಪರೀಕ್ಷೆಗೆಂದು ಮುಂಡರಗಿಯವರೆಗೆ ಹೋದರು. ಡಂಬಳದ ದಾರಿ, ಪಕ್ಕದಲ್ಲಿ ಕಪ್ಪತಗುಡ್ಡದ ಸಾಲು, ಮಳೆ ಬಿದ್ದು ಹಸಿರಾಗಿತ್ತು. ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಎಡಕ್ಕೆ ತಿರುಗಿದರೂ ಇಲ್ಲ. ಬಲಕ್ಕೆ ತಿರುಗಿದಾಗ ಮಾತ್ರ ನನ್ನ ಕಾಲಿನ ಹತ್ತಿರದಿಂದ ಕಿರ್ರೆಂದು ಒಂದು ಸಪ್ಪಳ ಬರುತ್ತಿತ್ತು, ಜೊತೆಗೆ ಸುಟ್ಟ ರಬ್ಬರಿನ ವಾಸನೆ. ಬಲಕ್ಕೆ ತಿರುಗಿಸಿದಾಗ ಎಡಗಾಲಿಯ ಹಿಂಭಾಗ ಹೊರಗೆ ಚಾಚಿ ಆ ಮಡಚದ ಅಂಚಿಗೆ ಉಜ್ಜುತ್ತಿತ್ತು. ಇದನ್ನು ಯಾರಿಗಾದರೂ ತೋರಿಸೋಣ ಎಂದೆ. ಹೊಸ ರಬ್ಬರು ಹಾಗೇ ಕೂಗುತ್ತದೆ, ಸವೆದ ಮೇಲೆ ಸುಮ್ಮನಾಗುತ್ತದೆ, ಹೊಸ ಚಪ್ಪಲಿ ಕಚ್ಚುವುದಿಲ್ಲವೇ ಎಂದರು. ಸವೆಯುವುದು ಟೈರೋ ಮಡ್‌ಗಾರ್ಡೋ ಎಂದು ಕೇಳಿದೆ. ಅಕ್ಷರ ತಿದ್ದುವುದು ಬೇರೆ, ಗಾಡಿ ಬೇರೆ ಎಂಬ ಉತ್ತರ ಬಂತು.

ಲಗ್ನದ ದಿನ ನಮ್ಮವರು ಒಬ್ಬರೇ ಕಾರಿನಲ್ಲಿ ಹೊರಟರು. ಅತ್ತೆಯನ್ನು ಕರೆದುಕೊಂಡು ನಾನು ಗೆಳೆಯನ ಗಾಡಿಯಲ್ಲಿ ಹಿಂದೆ ಹೋದೆ. ಶಿರಹಟ್ಟಿ ದಾಟುವವರೆಗೂ ಗೆಳೆಯ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಮೊಬೈಲು ಹಿಡಿದು ಮುಂದಿನ ಕಾರಿನ ವಿಡಿಯೋ ಮಾಡುತ್ತಿದ್ದ. ಅತ್ತೆ ಜೋರಾಗಿ ಬೈದ ಮೇಲೆ ನಿಲ್ಲಿಸಿದ.

ಲಕ್ಷ್ಮೇಶ್ವರದಲ್ಲಿ ಭಾವ ನಮ್ಮನ್ನು ಹಣಮಪ್ಪನ ಗುಡಿಯ ಮುಂದೆ ಎದುರುಗೊಂಡರು. ಗಾಲಿ ನೋಡಿ ನಮ್ಮವರ ಬೆನ್ನು ಚಪ್ಪರಿಸಿದರು. ಈಗ ನೋಡು ನಮ್ಮ ಮನೆತನಕ್ಕೆ ತಕ್ಕ ಗಾಡಿ ಆಯಿತು ಎಂದರು. ನಮ್ಮವರು ನನ್ನ ಕಡೆ ನೋಡಿದರು. ಕಾರಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಮದುಮಗ ಬಂದ. ಆ ಹುಡುಗ ಒಳ್ಳೆಯವನು, ಮಾತು ಕಡಿಮೆ, ಆದರೆ ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ. ತಲೆಗೆ ಬಾಸಿಂಗ ಕಟ್ಟಿಕೊಂಡು ಎಡಗಡೆಯ ಸೀಟಿನಲ್ಲಿ ಕುಳಿತ ಕೂಡಲೇ ಕಾರು ಆ ಕಡೆಗೆ ವಾಲಿತು. ಮಡ್‌ಗಾರ್ಡು ಟೈರಿನ ಮೇಲೆ ಟೊಪ್ಪಿಗೆಯ ಹಾಗೆ ಕೂತದ್ದನ್ನು ನಾನು ನೋಡಿದೆ. ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮೆರವಣಿಗೆಯ ಬ್ಯಾಂಜೋ ವಾದ್ಯದವರು ಶುರು ಮಾಡಿದರು. ಅವರ ಮುಂದೆ ನನ್ನ ದನಿ ಯಾರಿಗೆ ಕೇಳಬೇಕು.

ಮೆರವಣಿಗೆ ನೇರ ಪೇಟೆಯ ಬೀದಿಯಲ್ಲಿ ಸಾಗಿತು. ಮುಂದೆ ಬ್ಯಾಂಜೋ, ಅದರ ಹಿಂದೆ ಕುಣಿಯುವವರು, ಆಮೇಲೆ ಕಾರು, ಕಾರಿನ ಹಿಂದೆ ನಾವು ಹೆಂಗಸರು. ಮೇಲೆ ಒಂದು ಡ್ರೋನು ನೊಣದಂತೆ ಗುಂಯ್‌ಗುಡುತ್ತಿತ್ತು. ಕಲ್ಯಾಣ ಮಂಟಪ ಬೀದಿಯ ಬಲಕ್ಕಿತ್ತು. ಗೇಟಿನಲ್ಲಿ ಹೆಣ್ಣಿನ ಕಡೆಯವರು ಆರತಿ, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಬ್ಯಾಂಜೋದವರು ಬಲಕ್ಕೆ ಹೊರಳಿ ಒಳಗೆ ಹೋದರು. ಕುಣಿಯುವವರೂ ಹೋದರು. ನಮ್ಮವರು ಸ್ಟಿಯರಿಂಗ್ ತಿರುಗಿಸಿದರು.

ಕಾರು ಒಂದು ಮೊಳ ಬಲಕ್ಕೆ ಬಂದು, ಗಂಟಲು ಕಟ್ಟಿದಂತೆ ಕೂಗಿ ನಿಂತುಬಿಟ್ಟಿತು. ಮದುಮಗನ ಕಾಲಿನ ಕೆಳಗಿನಿಂದ ಹೊಗೆ ಬಂತು. ನಮ್ಮವರು ಹಿಂದಕ್ಕೆ ತೆಗೆದುಕೊಂಡು ಮತ್ತೆ ತಿರುಗಿಸಿದರು, ಮತ್ತೆ ಅದೇ ಆಯಿತು. ಮೂರನೆಯ ಸಲ ತಗಡು ಹರಿಯುವ ಸಪ್ಪಳವಾಯಿತು.

ಮದುಮಗ ಇಳಿದರೆ ಕಾರು ಮೇಲೆದ್ದು ತಿರುಗುತ್ತದೆ ಎಂದು ನಾನು ಮುಂದೆ ಹೋಗಿ ಹೇಳಿದೆ. ಅವನೂ ಇಳಿಯಲು ಒಂದು ಕಾಲು ಎತ್ತಿದ. ಅಷ್ಟರಲ್ಲಿ ಭಾವನವರ ಸೋದರತ್ತೆ, ಆರತಿ ಎತ್ತಿ ಹತ್ತಿಸಿದ ಮದುಮಗ ದಾರಿಯಲ್ಲಿ ನೆಲ ಮುಟ್ಟಬಾರದು ಎಂದು ತಡೆದರು. ಅಂಥ ಪದ್ಧತಿಯನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಆದರೆ ಲಗ್ನದಲ್ಲಿ ಬೇಡ ಎನ್ನುವವರ ಮಾತೇ ನಡೆಯುತ್ತದೆ. ಭಾವನಿಗೂ ಅದೇ ಬೇಕಾಗಿತ್ತು. ಮಗ ಕಾರಿನಿಂದ ಇಳಿಯುವುದು ಗೇಟಿನೊಳಗೆ, ಡ್ರೋನಿನ ಕಣ್ಣ ಕೆಳಗೆ ಆಗಬೇಕು ಎಂದು ಅವರ ಹಟ.

ಆಗ ಗೆಳೆಯನ ತಲೆ ಓಡಿತು. ಬಲಕ್ಕೆ ಹೋಗಲು ಬರದಿದ್ದರೆ ಎಡಕ್ಕೆ ಹೋಗೋಣ ಎಂದ. ಮುಂದೆ ಹೋಗಿ ಎಡಕ್ಕೆ ಹೊರಳಿ, ಮತ್ತೆ ಎಡಕ್ಕೆ, ಮತ್ತೊಮ್ಮೆ ಎಡಕ್ಕೆ ಹೊರಳಿದರೆ ಮಂಟಪದ ಎದುರಿಗೆ ಬಂದು ಕೂಡುವ ಓಣಿ ಸಿಗುತ್ತದೆ, ಅಲ್ಲಿಂದ ಬೀದಿ ದಾಟಿ ನೇರ ಗೇಟಿನೊಳಗೆ ಹೋಗಬಹುದು. ಇಷ್ಟು ವರ್ಷಗಳಲ್ಲಿ ಅವನು ವಿಡಿಯೋ ನೋಡದೆ ಹೇಳಿದ ಮೊದಲ ಮಾತು ಅದು. ನಮ್ಮವರು ಗೇರು ಹಾಕಿದರು.

ಹೀಗೆ ಗೇಟಿನಲ್ಲಿ ಆರತಿ ಹಿಡಿದು ನಿಂತವರ ಕಣ್ಣೆದುರಿಗೇ ಮದುಮಗನನ್ನು ಹೊತ್ತ ಕಾರು ಮಂಟಪ ದಾಟಿ ಮುಂದೆ ಹೋಯಿತು.

ಮುಂಡರಗಿಯವರು ಆರತಿ ಹಿಡಿದೇ ಬೀದಿಗೆ ಬಗ್ಗಿ ನೋಡಿದರು. ಆಮೇಲೆ ಹೆಣ್ಣಿನ ಸೋದರಮಾವ ಅಂಗಳಕ್ಕೆ ಓಡಿ ಬೈಕು ತೆಗೆದ. ಹಿಂದೆ ಇನ್ನೊಬ್ಬ ಹತ್ತಿಕೊಂಡ. ಗಂಡು ಲಗ್ನ ಬೇಡವೆಂದು ಓಡಿಹೋಗುತ್ತಿದ್ದಾನೆ ಎಂದು ಅವರು ತಿಳಿದದ್ದರಲ್ಲಿ ತಪ್ಪಿಲ್ಲ, ಕೆಂಪು ಸ್ಪೋರ್ಟ್ಸ್ ಕಾರು ಬೇರೆ. ಬ್ಯಾಂಜೋದವರು ಅರ್ಧ ಜನ ಗೇಟಿನೊಳಗೇ ಉಳಿದು ಬಾರಿಸುತ್ತಿದ್ದರು. ಇನ್ನರ್ಧ ಜನ ಮದುಮಗ ಎಲ್ಲೋ ಅಲ್ಲಿ ನಾವು ಎಂದು ಕಾರಿನ ಹಿಂದೆ ಓಡಿ ಬಂದರು. ಎರಡೂ ಕಡೆಯ ಹಾಡು ಬೇರೆ ಬೇರೆ. ಬಿಸಿಲು ನೆತ್ತಿಗೆ ಬಂದಿತ್ತು. ಹೆಂಗಸರಲ್ಲಿ ಅನೇಕರು ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು, ಬರುವಾಗ ಕರೆಯಿರಿ ಎಂದರು. ನಾನು ಮಾತ್ರ ಕಾರಿನ ಪಕ್ಕದಲ್ಲೇ ನಡೆದೆ. ನಡಿಗೆಗಿಂತ ಹೆಚ್ಚಿನ ವೇಗ ಅದಕ್ಕಿರಲಿಲ್ಲ.

ಎರಡನೆಯ ಎಡತಿರುವಿನ ಹತ್ತಿರ ಮದುಮಗನ ಫೋನು ರಿಂಗಾಯಿತು. ಬಾಸಿಂಗದ ಒಳಗೆ ಫೋನು ಹೋಗದೆ ಅವನು ಸ್ಪೀಕರಿಗೆ ಹಾಕಿದ. ಮದುಮಗಳೇ. ಮಂಟಪದ ಮಾಳಿಗೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು.

“ಎಲ್ಲಿಗೆ ಹೊಂಟೀರಿ?” ಎಂದು ಕೇಳಿದಳು.

“ಎಡಕ್ಕ,” ಎಂದ ಹುಡುಗ.

ಅವಳು ದನಿ ತಗ್ಗಿಸಿ ಕೇಳಿದಳು.

“ಬರೋದೈತೋ ಇಲ್ಲೋ, ಅದೊಂದು ಹೇಳ್ರಿ. ಇಲ್ಲಿ ನಮ್ಮಪ್ಪಾ ಕುಂತಬಿಟ್ಟಾನ.”

“ಬರ್ತೀನಿ. ಎಡಕ್ಕ ಹೋಗೇ ಬರಬೇಕಾಗೇತಿ. ಗಾಲಿ ದೊಡ್ಡವದಾವು.”

ಅವಳು ನಕ್ಕದ್ದು ನಮಗೆಲ್ಲ ಕೇಳಿಸಿತು. ಅಷ್ಟು ಹೊತ್ತು ಕಲ್ಲಿನಂತೆ ಕುಳಿತಿದ್ದ ಹುಡುಗನೂ ಬಾಸಿಂಗದ ಹಿಂದೆ ನಕ್ಕ. ಅಷ್ಟರಲ್ಲಿ ಬೈಕಿನ ಸೋದರಮಾವ ಬಂದು ಕಾರಿಗೆ ಅಡ್ಡ ನಿಲ್ಲಿಸಿದ. ನಾನು ಮಡ್‌ಗಾರ್ಡು, ಟೈರು ಎರಡನ್ನೂ ತೋರಿಸಿ ತಿಳಿಸಿ ಹೇಳಿದೆ. ನಂಬಿದನೋ ಇಲ್ಲವೋ ತಿಳಿಯದು. ಅಲ್ಲಿಂದ ಮಂಟಪದವರೆಗೆ ಬೈಕನ್ನು ಕಾರಿನ ಮುಂದೆ ಬಿಟ್ಟುಕೊಂಡು, ಅಪರಾಧಿಯನ್ನು ಕರೆದೊಯ್ಯುವ ಪೊಲೀಸರಂತೆ ಹಿಂದೆ ನೋಡುತ್ತ ನೋಡುತ್ತ ನಡೆಸಿದ.

ಮೂರನೆಯ ತಿರುವಿನಲ್ಲಿ ಶೇಂಗಾ ಚೀಲ ತುಂಬಿದ ಟ್ರ್ಯಾಕ್ಟರು ಓಣಿಗೆ ಅಡ್ಡ ನಿಂತಿತ್ತು. ಯಾರದು ಎಂದು ವಿಚಾರಿಸಿದರೆ ಭಾವನವರದೇ ಮಾಲು. ಡ್ರೈವರು ಲಗ್ನದ ಊಟಕ್ಕೆ ಹೋಗಿದ್ದ. ಅವನನ್ನು ಹುಡುಕಿ, ಅವನು ಕೈ ತೊಳೆದುಕೊಂಡು ಬಂದು ಟ್ರ್ಯಾಕ್ಟರು ತೆಗೆಯುವಷ್ಟರಲ್ಲಿ ಅಕ್ಕಿಕಾಳು ಹಾಕುವ ಮುಹೂರ್ತ ಮೀರುತ್ತ ಬಂದಿತ್ತು. ಭಾವ ಅಲ್ಲಿಗೆ ಬಂದು, ಇಡೀ ಓಣಿ ಕೇಳುವಂತೆ ನಮ್ಮವರ ಮೇಲೆ ಹರಿಹಾಯ್ದರು. ನಾಲ್ಕು ಜನರ ನಡುವೆ ತನ್ನ ಮಾನ ಕಳೆದೆ, ಗಾಲಿ ಹಾಕಿಸಲು ಬರದವನಿಗೆ ಗಾಡಿ ಯಾಕೆ, ಪ್ರೆಸ್ಸಿನಲ್ಲಿ ಕಾಗದ ಎಣಿಸಿಕೊಂಡು ಬಿದ್ದಿರಬಾರದೇ ಎಂದೆಲ್ಲ ಅಂದರು. ನಮ್ಮವರು ಸ್ಟಿಯರಿಂಗ್ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಕುಳಿತಿದ್ದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ತಿಂಗಳುಗಟ್ಟಲೆ ಅವರನ್ನು ಗೇಲಿ ಮಾಡಿದವಳು ನಾನೇ, ಆದರೂ ಆ ಹಕ್ಕನ್ನು ಬೇರೆಯವರು ಕೈಗೆತ್ತಿಕೊಂಡಾಗ ನನಗೆ ಮೈ ಉರಿಯಿತು.

“ಭಾವಾರ, ಗಾಲಿ ಸಣ್ಣವಾದ್ವು ಅಂದವ್ರು ಯಾರ್ರಿ?” ಎಂದೆ. “ಸಣ್ಣ ಗಾಲಿ ಇದ್ದಾಗ ಈ ಗಾಡಿ ಎರಡೂ ಕಡೆ ಹೊರಳತಿತ್ತು.”

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವ ನನ್ನನ್ನು ನೋಡಿ, ಟ್ರ್ಯಾಕ್ಟರನ್ನು ನೋಡಿ, ಡ್ರೈವರನಿಗೆ ಬೈಯಲು ಹೋದರು.

ಅಂತೂ ಕಾರು ಬೀದಿ ದಾಟಿ ಗೇಟಿನೊಳಗೆ ನೇರವಾಗಿ ಹೋಯಿತು. ಎರಡು ಭಾಗವಾಗಿದ್ದ ಬ್ಯಾಂಜೋ ಒಂದಾಯಿತು. ಆರತಿಯ ದೀಪ ಆರಿಹೋಗಿತ್ತು, ಮತ್ತೆ ಹಚ್ಚಿದರು. ಹುಡುಗ ಇಳಿದ, ಅವನೊಡನೆ ಕಾರಿನ ಕಷ್ಟವೂ ಇಳಿಯಿತು, ಎಡಬದಿ ಮೇಲೆದ್ದಿತು. ಅಕ್ಕಿಕಾಳು ಬಿದ್ದವು. ಹೊತ್ತು ಮೀರಿತ್ತೋ ಇಲ್ಲವೋ ಎಂದು ಶಾಸ್ತ್ರಿಗಳನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾವು ಊಟಕ್ಕೆ ಕುಳಿತಾಗ ಉಜ್ಜಿ ಉಜ್ಜಿ ತೆಳ್ಳಗಾಗಿದ್ದ ಟೈರು ಮೆಲ್ಲಗೆ ಗಾಳಿ ಬಿಟ್ಟಿತು. ಆ ಮದುವೆಯ ಆಲ್ಬಮ್ಮಿನಲ್ಲಿ ಕಾರು ಇರುವ ಫೋಟೋಗಳಲ್ಲೆಲ್ಲ ಅದು ಎಡಕ್ಕೆ ಬಾಗಿ, ಯಾರದೋ ಗುಟ್ಟು ಕೇಳುತ್ತಿರುವಂತೆ ನಿಂತಿದೆ.

ಗೆಳೆಯ ಮಂಟಪದ ಮುಂದಿನಿಂದ ಎಲ್ಲವನ್ನೂ ವಿಡಿಯೋ ಮಾಡಿದ್ದ. ಆರತಿ ಹಿಡಿದ ಹೆಂಗಸರ ಮುಂದಿನಿಂದ ಮದುಮಗ ಹಾದುಹೋಗುವ ಆ ಚೂರನ್ನು ಮೊಬೈಲಿನ ಗುಂಪುಗಳಿಗೆ ಹಾಕಿದ್ದೇ ತಡ, ಮುಂಡರಗಿಯಿಂದ ಹುಬ್ಬಳ್ಳಿಯವರೆಗೆ ಹರಿದಾಡಿತು. ಭಾವ ಮೊದಲಿಗೆ ನಮ್ಮ ಫೋನು ಎತ್ತುವುದನ್ನು ಬಿಟ್ಟರು. ಆಮೇಲೆ ಪೇಟೆಯಲ್ಲಿ ಜನ ಅವರನ್ನು ಗುರುತಿಸಿ ಮಾತಾಡಿಸತೊಡಗಿದರು. ಈಗ ಅವರು ಹೇಳುವುದೇ ಬೇರೆ. ಮಗನನ್ನು ಮಂಟಪದ ಮುಂದಿನಿಂದ ಒಂದು ಸುತ್ತು ಹಾಕಿಸಿ ತರುವ ಯೋಚನೆ ತಮ್ಮದೇ ಅಂತೆ, ಬೀಗರಿಗೆ ಸ್ವಲ್ಪ ಗಾಬರಿಯಾಗಲಿ ಎಂದು ಮೊದಲೇ ಮಾತಾಗಿತ್ತಂತೆ. ಬಾಳೇಹೊಸೂರಿನಲ್ಲೊಂದು ಲಗ್ನದಲ್ಲಿ ಮದುಮಗನನ್ನು ಬೇಕೆಂದೇ ಗೇಟು ದಾಟಿಸಿ ಮುಂದೆ ಒಯ್ದು ತಂದರು ಎಂದು ಕೇಳಿದೆ. ಹೀಗೆಯೇ ಪದ್ಧತಿಗಳು ಹುಟ್ಟುವುದು ಎಂದು ಕಾಣುತ್ತದೆ.

ಗಾಲಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಉಜ್ಜುವುದು ಮುಂದಿನವಷ್ಟೇ, ಹಿಂದಿನವು ಪಾಪ ಏನು ಮಾಡಿವೆ ಎಂದು ಗೆಳೆಯ ವಾದಿಸಿದ. ಮುಂದೆ ಹಳೆಯ ಸಣ್ಣ ಗಾಲಿ, ಹಿಂದೆ ದೊಡ್ಡದು ಹಾಕಿಕೊಂಡು ನಮ್ಮವರು ಕೆಲವು ದಿನ ಓಣಿಯೊಳಗೇ ತಿರುಗಿದರು. ಕಾರಿನ ಹಿಂಬದಿ ಎದ್ದು, ಮೂತಿ ನೆಲ ಮೂಸುತ್ತಿತ್ತು. ದೀಪ ಹಾಕಿದರೆ ಬಂಪರಿನ ಕೆಳಗಿನ ಡಾಂಬರು ಮಾತ್ರ ಕಾಣುತ್ತಿತ್ತು. ಅದಕ್ಕೂ ಏನೋ ಇಂಗ್ಲಿಷ್ ಹೆಸರಿದೆ, ಪರದೇಶದಲ್ಲಿ ಹೀಗೇ ಓಡಿಸುತ್ತಾರೆ ಎಂದು ಗೆಳೆಯ ತೋರಿಸಿದ. ಒಂದು ಮುಂಜಾನೆ ಅತ್ತೆ ತುಳಸಿಗೆ ನೀರು ಹಾಕಿ ಬಂದು ಕಾರಿನ ಮುಂದೆ ನಿಂತು, ಇದು ಯಾರಿಗೆ ನಮಸ್ಕಾರ ಮಾಡುತ್ತಿದೆ ಎಂದು ಕೇಳಿದರು. ಆ ವಾರವೇ ಹಿಂದಿನವೂ ಇಳಿದವು. ಟೈರ್ ಅಂಗಡಿಯವನು ಅವನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಮೊದಲ ಸಲ ಇಲ್ಲ ಎಂದ. ಈಗ ಅವು ನಮ್ಮ ಮಾಳಿಗೆಯ ಮೇಲಿವೆ. ಅವುಗಳ ಮೇಲೆ ಹಲಗೆ ಹಾಸಿ ಅತ್ತೆ ಸಂಡಿಗೆ ಒಣಗಿಸುತ್ತಾರೆ. ಹದಿನೇಳು ಇಂಚಿನ ಅಲಾಯ್ ಮೇಲೆ ಒಣಗಿದ ಸಂಡಿಗೆ ಗದಗ ಜಿಲ್ಲೆಯಲ್ಲಿ ಬೇರೆ ಯಾರ ಮನೆಯಲ್ಲೂ ಸಿಗಲಾರದು.

ಲಗ್ನವಾದ ಮೇಲೆ ನಮ್ಮವರು ಕಾರನ್ನು ತಿಂಗಳುಗಟ್ಟಲೆ ಹೊರಗೆ ತೆಗೆಯಲಿಲ್ಲವೆಂದೇ ಹೇಳಬೇಕು. ಗಾಲಿ ಬದಲಿಸಿದ್ದೂ ಚಪ್ಪರದೊಳಗೆ, ಓಡಿಸಿದ್ದೂ ಓಣಿಯ ತುದಿಯವರೆಗೆ. ಆ ಓಣಿಯಲ್ಲಿ ಭಾವ ಆಡಿದ ಮಾತು ಅವರಿಗೆ ನಾಟಿತ್ತು. ಸುಗ್ಗಿಯ ಹೊತ್ತಿಗೆ ಒಂದು ಸಂಜೆ, ಹತ್ತಿರದ ಹಳ್ಳಿ ಅಂತೂರ ಬೆಂತೂರಿನಲ್ಲಿ ಒಬ್ಬರಿಗೆ ಪತ್ರಿಕೆಯ ಕರಡು ತೋರಿಸುವುದಿದೆ, ಕಾರು ತೆಗೆಯಿರಿ ಎಂದು ನಾನೇ ಗಂಟುಬಿದ್ದೆ. ಬೇಡ ಬೇಡವೆನ್ನುತ್ತ ತೆಗೆದರು. ಹಂಪಿನ ಮೇಲೆ ಹೊಟ್ಟೆ ಮತ್ತೆ ಕರ್ರೆಂದಿತು. ಅವರು ಮತ್ತೆ ಕಣ್ಣು ಮುಚ್ಚಿದರು.

ಊರು ಇನ್ನೇನು ಬಂತು ಎನ್ನುವಾಗ ಶೇಂಗಾ ಕಿತ್ತು ಮನೆಗೆ ಹೊರಟಿದ್ದ ಹೆಂಗಸರ ಗುಂಪು ಎದುರಾಯಿತು. ಕೈ ಮಾಡಿ ನಿಲ್ಲಿಸಿದರು. ಒಬ್ಬಳು ಬಾನೆಟ್ಟಿನ ಮೇಲೆ ಕೈಯಾಡಿಸಿದಳು, ಇನ್ನೊಬ್ಬಳು ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡಳು. ಅವರಲ್ಲಿ ಹಿರಿಯಳು ಒಮ್ಮೆ ಕುಳಿತು ನೋಡಲೇ ಎಂದಳು. ನಾನು ಇಳಿದು ಜಾಗ ಬಿಟ್ಟೆ. ಅವಳು ಸೀರೆ ಸಾವರಿಸಿಕೊಂಡು ಕುಳಿತಳು, ಕುಳಿತವಳು ಒಳಗೆ ಇಳಿದೇ ಹೋದಳು, ಮೊಣಕಾಲು ಗದ್ದಕ್ಕೆ ಬಂದವು. ಏಳಲು ನೋಡಿದಳು, ಆಗಲಿಲ್ಲ. ಇಬ್ಬರು ಕೈ ಹಿಡಿದು ಜಗ್ಗಿದರು, ಒಬ್ಬಳು ಹಿಂದಿನಿಂದ ನೂಕಿದಳು. ಅವಳು ಅರ್ಧ ಎದ್ದು ಮತ್ತೆ ದೊಪ್ಪನೆ ಕುಳಿತಳು.

“ಬಿಡ್ರೇ, ನಾ ಇಲ್ಲೇ ಇರ್ತೀನಿ,” ಎಂದಳು. “ರೊಟ್ಟಿ ಇಲ್ಲಿಗೇ ತಂದ ಕೊಡ್ರಿ.”

ಗುಂಪಿನಲ್ಲಿದ್ದವರು ನಕ್ಕು ನಕ್ಕು ಬುಟ್ಟಿ ಕೆಳಗಿಟ್ಟು ರಸ್ತೆಯ ಮೇಲೆಯೇ ಕುಳಿತರು. ಶೇಂಗಾ ಚೆಲ್ಲಿದವು. ನಾನು ತಿರುಗಿ ನೋಡಿದರೆ ನಮ್ಮವರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.